ಲೇಪಾಕ್ಷಿಯ ಚಿತ್ರವನ್ನು ನೋಡಿ ಬರೆಯುವುದು

(ಶಾಲೆಯ ವಾರ್ಷಿಕೋತ್ಸವದಲ್ಲಿ ಚಿತ್ರಕಲೆಯ ಉಪಾಧ್ಯಾಯರು ಮಾಡಿದ ಭಾಷಣ)



ನಕಲು ಎಂಬ ಮಾತಿಗೆ ಶಾಲೆಯಲ್ಲಿ ಕೆಟ್ಟ ಹೆಸರಿದೆ. ಪರೀಕ್ಷೆಯ ಕೊಠಡಿಯ ಮಟ್ಟಿಗೆ ಅದು ನ್ಯಾಯವೇ. ಆದರೆ “ಮಕ್ಕಳಿಂದ ಸ್ವಂತ ಚಿತ್ರವನ್ನೇ ಏಕೆ ಬರೆಯಿಸಬಾರದು?” ಎಂದು ಕೇಳುವ ತಂದೆತಾಯಿಗಳಿಗೆ ನಾನು ಉತ್ತರ ಕೊಡಬೇಕಾಗಿದೆ. ನಂದಲಾಲ ಬೋಸರಂತಹವರೇ ತರುಣರಾಗಿದ್ದಾಗ, 1909ರಲ್ಲಿ, ಅಜಂತೆಗೆ ಹೋಗಿ ಅಲ್ಲಿಯ ಭಿತ್ತಿಚಿತ್ರಗಳನ್ನು ಪ್ರತಿಮಾಡಿದರು.

ಮಡಕಶಿರೆಯ ಸೀಮೆಯವರಾದ ನಮಗೆ ಅಜಂತೆ ದೂರ, ಲೇಪಾಕ್ಷಿ ಹತ್ತಿರ. ಅಲ್ಲಿಯ ವೀರಭದ್ರ ದೇವಾಲಯದ ಮೇಲ್ಛಾವಣಿಯಲ್ಲಿ ವಿಜಯನಗರದ ಕಾಲದ, 16ನೆಯ ಶತಮಾನದ ಚಿತ್ರಗಳಿವೆ. ಕತ್ತು ನೋಯುವವರೆಗೆ ತಲೆಯೆತ್ತಿ ನೋಡುವುದೇ ಮೊದಲನೆಯ ಪಾಠ. ಸಾಲುಗಟ್ಟಿ ನಿಂತ ಸ್ತ್ರೀಯರ ಮುಖಗಳು ಪಾರ್ಶ್ವದಿಂದ ಕಾಣುತ್ತವೆ. ಕಣ್ಣು ಮಾತ್ರ ಎದುರಿನಿಂದ ಕಂಡಷ್ಟು ದೊಡ್ಡದು. ಗಾಳಿಯಿಲ್ಲದೆಯೇ ಸೀರೆಯ ಅಂಚು ಚೂಪಾಗಿ ಚಾಚಿಕೊಂಡಿದೆ. ನೆರಳುಬೆಳಕಿನ ಛಾಯೆ ಬಹಳ ಕಡಮೆ. ಬಣ್ಣವನ್ನು ಸಮವಾಗಿ ಹರಡಿ, ಸುತ್ತಲೂ ಕಪ್ಪು ರೇಖೆಯನ್ನು ಎಳೆದಿದ್ದಾರೆ.

ನಮ್ಮ ಒಬ್ಬ ವಿದ್ಯಾರ್ಥಿನಿ ಇಂತಹ ಇಬ್ಬರು ಸ್ತ್ರೀಯರನ್ನು ಬರೆದಳು. ಕಣ್ಣು ಅತಿಯಾಯಿತೆಂದು ಭಾವಿಸಿ, ನಿಜವಾದ ಮುಖದಲ್ಲಿ ಇರುವಷ್ಟಕ್ಕೆ ಅದನ್ನು ಕಿರಿದುಮಾಡಿದಳು. ಕೈಚಳಕಕ್ಕೆ ಕೊರತೆಯಿರಲಿಲ್ಲ. ಆದರೂ ಚಿತ್ರ ಸತ್ತಿತ್ತು. ಒಬ್ಬಳು ಇನ್ನೊಬ್ಬಳನ್ನು ನೋಡುತ್ತಲೇ ಇರಲಿಲ್ಲ! ನಾನು ಏನನ್ನೂ ಹೇಳದೆ ಮತ್ತೊಂದು ಹಾಳೆಯನ್ನು ಕೊಟ್ಟೆ. (ಒಳ್ಳೆಯ ಉಪಾಧ್ಯಾಯನ ಲಕ್ಷಣವೆಂದು ತಿಳಿಯಬೇಡಿ, ದೋಷ ಎಲ್ಲಿದೆಯೆಂಬುದು ನನಗೂ ಆಗ ಹೊಳೆದಿರಲಿಲ್ಲ.) ಎರಡನೆಯ ಸಲ ಅವಳು ತಿದ್ದುವ ಗೋಜಿಗೆ ಹೋಗದೆ, ಇದ್ದುದನ್ನು ಇದ್ದಂತೆಯೇ ಬರೆದಳು. ಕಣ್ಣು ಹಿಗ್ಗಿದೊಡನೆ ಗೆಳತಿಯರಿಬ್ಬರೂ ಮಾತಿಗೆ ತೊಡಗಿದಂತಾಯಿತು. ಮಂಟಪದಲ್ಲಿ ಅಷ್ಟು ಕೆಳಗೆ, ಅರೆಬೆಳಕಿನಲ್ಲಿ ನಿಂತವರಿಗೆ ಆ ನೋಟ ತಲಪಬೇಕಾದರೆ ಕಣ್ಣು ಅಷ್ಟು ದೊಡ್ಡದಾಗಿರಬೇಕೆಂದು ನನಗೆ ಹೇಳಿದವಳು ಅವಳೇ.

ಮನೆಯಲ್ಲಿ ಪ್ರಯತ್ನಿಸುವವರಿಗೆ ಎರಡು ಮಾತು. ಬೆಲೆಬಾಳುವ ಬಣ್ಣಗಳು ಬೇಕಿಲ್ಲ. ಜಾಜು, ಹಳದಿ ಮಣ್ಣು, ದೀಪದ ಮಸಿ, ಸ್ವಲ್ಪ ಗೋಂದು ಇದ್ದರೆ ಸಾಕು. ಮೊದಲು ಸೀಸದಕಡ್ಡಿಯಿಂದ ಆಕೃತಿಯನ್ನು ಗುರುತಿಸಿ, ಬಣ್ಣ ತುಂಬಿ, ಅದು ಒಣಗಿದ ಮೇಲೆ ಕಪ್ಪು ರೇಖೆಯನ್ನು ಎಳೆಯಿರಿ. ಭುಜದಿಂದ ಮೊಣಕೈವರೆಗಿನ ರೇಖೆಯನ್ನು ನಡುವೆ ನಿಲ್ಲಿಸದೆ ಒಂದೇ ಉಸಿರಿನಲ್ಲಿ ಎಳೆಯಬೇಕು. ಹತ್ತು ಸಲ ಕೆಡುತ್ತದೆ, ಕೆಡಲಿ. ಚಿತ್ರದ ಕೆಳಗೆ ನಿಮ್ಮ ಹೆಸರಿನೊಡನೆ “ಲೇಪಾಕ್ಷಿಯ ಚಿತ್ರವನ್ನು ನೋಡಿ ಬರೆದುದು” ಎಂದು ಬರೆಯಲು ಮಾತ್ರ ಮರೆಯಬೇಡಿ.

ಆ ಬಾಲಕಿಯ ಎರಡು ಹಾಳೆಗಳನ್ನೂ ಈ ಸಭಾಂಗಣದ ಹಿಂದಿನ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ತೂಗುಹಾಕಿದ್ದೇವೆ. ಸಭೆ ಮುಗಿದ ಮೇಲೆ ದಯಮಾಡಿ ನೋಡಬೇಕು.