ಸೈಡ್‌ವಿಂಗ್‌ನಲ್ಲಿ ನಿಂತ ಇಯಾಗೋ



ನಟ ಲಾರೆನ್ಸ್ ಒಲಿವಿಯರ್ 1907ರಲ್ಲಿ ಇಂಗ್ಲೆಂಡಿನ ಡಾರ್ಕಿಂಗ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಹನ್ನೆರಡರ ಹರೆಯದಲ್ಲೇ ತಾಯಿ ತೀರಿಕೊಂಡರು. 1945ರಲ್ಲಿ ಲಂಡನ್ನಿನ ರಂಗದ ಮೇಲೆ ಅವರು ಒಂದೇ ಸಂಜೆ ಎರಡು ವೇಷ ಕಟ್ಟಿದರು: ಮೊದಲು ಕಣ್ಣು ಕಿತ್ತುಕೊಳ್ಳುವ ಈಡಿಪಸ್ ರಾಜ, ವಿರಾಮದ ನಂತರ ಶೆರಿಡನ್ನನ ಪ್ರಹಸನದಲ್ಲಿ ಬಾಯಿಬಡುಕ ಪಫ್. ಅತ್ತವರೇ ಹೊಟ್ಟೆ ಹುಣ್ಣಾಗುವಂತೆ ನಕ್ಕರು. 1963ರಲ್ಲಿ ಬ್ರಿಟನ್ನಿನ ನ್ಯಾಷನಲ್ ಥಿಯೇಟರ್ ತಂಡ ಕಟ್ಟುವಾಗ ಮೊದಲ ನಿರ್ದೇಶಕರಾಗಿ ಅವರೇ ಬಂದರು.

ಇಂಥವರಿಗೆ ಐವತ್ತೇಳನೇ ವಯಸ್ಸಿನಲ್ಲಿ ಸಭಾಕಂಪ ಹಿಡಿಯಿತು. 1964ರಲ್ಲಿ, ಇಬ್ಸೆನ್ನನ 'ಮಾಸ್ಟರ್ ಬಿಲ್ಡರ್' ನಾಟಕ. ಗಂಟಲು ಕಟ್ಟಿತು, ಮಾತು ಮರೆತೇಹೋಗುತ್ತದೆ ಅನ್ನಿಸಿತು, ಎದುರಿನ ಪ್ರೇಕ್ಷಕರು ಗಿರಗಿರನೆ ಸುತ್ತತೊಡಗಿದರು. ಒಂದು ರಾತ್ರಿಗೆ ಮುಗಿದಿದ್ದರೆ ಆ ಮಾತು ಬೇರೆ. ಈ ಕಾಟ ಐದಾರು ವರ್ಷ ಬಿಡಲಿಲ್ಲ.

ಆಗ ಅವರು ಶೇಕ್ಸ್‌ಪಿಯರನ 'ಒಥೆಲೋ' ಕೂಡ ಆಡುತ್ತಿದ್ದರು. ಮುಖಕ್ಕೆ ಕಪ್ಪು ಬಳಿದುಕೊಂಡು ಮಾಡಿದ ಆ ಪಾತ್ರವನ್ನು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ನಾನು ಹೇಳಹೊರಟಿದ್ದು ಪರದೆಯ ಮರೆಯಲ್ಲಿ ನಡೆದದ್ದನ್ನು. ರಂಗದ ಮೇಲೆ ಒಬ್ಬರೇ ನಿಂತು ಸ್ವಗತ ಹೇಳುವುದೆಂದರೆ ಒಲಿವಿಯರ್‌ಗೆ ಜೀವ ಬಾಯಿಗೆ ಬರುತ್ತಿತ್ತು. ಇಯಾಗೋ ಪಾತ್ರದ ಫ್ರ್ಯಾಂಕ್ ಫಿನ್ಲೆಯನ್ನು ಕರೆದು, ತನಗೆ ಕಾಣುವಂತೆ ಸೈಡ್‌ವಿಂಗ್‌ನಲ್ಲಿ ನಿಂತಿರಲು ಕೇಳಿಕೊಂಡರು. ಕಥೆಯಲ್ಲಿ ಒಥೆಲೋನ ಮನೆ ಮುರಿಯುವವನೇ ಇಯಾಗೋ. ಇಲ್ಲಿ ಅವನ ಮುಖ ನೋಡಿಕೊಂಡೇ ಒಥೆಲೋ ಮಾತು ಮುಗಿಸುತ್ತಿದ್ದ! 1970ರಲ್ಲಿ 'ಮರ್ಚೆಂಟ್ ಆಫ್ ವೆನಿಸ್' ನಾಟಕದ ಶೈಲಾಕ್ ಆದಾಗ, ತನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ ಎಂದು ಸಹನಟರಲ್ಲಿ ಬೇಡಿಕೊಂಡರು.

ಬೇಡಿಕೊಂಡದ್ದು ಯಾರನ್ನು? ತಾವೇ ಮುಖ್ಯಸ್ಥರಾಗಿದ್ದ ತಂಡದವರನ್ನು. ಮೇಲಿನವರು ಕೈಕೆಳಗಿನವರೆದುರು ಅಧೈರ್ಯ ತೋರಿಸಬಾರದು ಎಂದು ನಾವು ಎಷ್ಟು ಗಟ್ಟಿಯಾಗಿ ನಂಬಿದ್ದೇವೆ! ಕಾಯಿಲೆಯ ನೆಪ ಹೇಳಿ ಅವರು ತಪ್ಪಿಸಿಕೊಳ್ಳಬಹುದಿತ್ತು. 1967ರಲ್ಲಿ ಕ್ಯಾನ್ಸರ್ ಬಂದಿತ್ತು, ನೆಪವೇನೂ ಸುಳ್ಳಾಗುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಈಡಿಪಸ್‌ಗಿಂತಲೂ ದೊಡ್ಡ ಸಾಹಸ, ಫಿನ್ಲೆಯನ್ನು ಕರೆದು ಹೇಳಿಕೊಂಡದ್ದು.

ಒಲಿವಿಯರ್ ರಂಗದ ಮೇಲೆ ಕೊನೆಯ ಬಾರಿ ನಟಿಸಿದ್ದು 1974ರಲ್ಲಿ, 'ದಿ ಪಾರ್ಟಿ' ಎಂಬ ನಾಟಕದಲ್ಲಿ. ಅದರಲ್ಲಿ ಅವರದು ಹಳೆಯ ಟ್ರಾಟ್‌ಸ್ಕಿವಾದಿ ನಾಯಕನ ಪಾತ್ರ. ಸುಮಾರು ಇಪ್ಪತ್ತು ನಿಮಿಷದ ಒಂದೇ ಭಾಷಣವನ್ನು, ಅರವತ್ತಾರನೇ ವಯಸ್ಸಿನಲ್ಲಿ, ಬಾಯಿಪಾಠ ಮಾಡಿ ಒಪ್ಪಿಸಿದರು.