ಗೌರ್ಮೆಂಟೋ, ಕಂಪನಿಯೋ?
(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಮುಂದೆ ಕೋಲಾರದಲ್ಲಿ ಮಾಡಿದ ಭಾಷಣ)



ಮುಳಬಾಗಿಲಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ಮೊನ್ನೆ ನಮ್ಮನ್ನು ತಡೆದು ನಿಲ್ಲಿಸಿದರು. ಮಗ ಗಣಿ ಡಿಪ್ಲೊಮಾ ಮುಗಿಸಿದ್ದಾನೆ. ಮಾಲೂರು ಕಡೆಯ ಒಂದು ಜಲ್ಲಿ ಕ್ರಷರ್‌ನವರು ನಾಳೆಯೇ ಬಾ ಎನ್ನುತ್ತಿದ್ದಾರೆ. ಹುಡುಗ ಅರಣ್ಯ ಇಲಾಖೆಗೂ ಅರ್ಜಿ ಹಾಕಿ ಕೂತಿದ್ದಾನೆ. "ಗೌರ್ಮೆಂಟೋ, ಕಂಪನಿಯೋ? ಒಂದು ಮಾತು ಹೇಳಿಬಿಡಿ ಸ್ವಾಮಿ" ಎಂದರು. ಒಂದು ಮಾತಿನಲ್ಲಿ ಹೇಳಲು ನಮ್ಮಿಂದಾಗಲಿಲ್ಲ. ಕಲ್ಲು, ನೀರು, ಕಾಡು ನಂಬಿದ ಕೆಲಸ ನಿಮ್ಮ ಮಕ್ಕಳ ಮುಂದೆಯೂ ಬಂದೀತು. ಆದುದರಿಂದ ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತೇವೆ.

ಈ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಚಿನ್ನದ ಗಣಿ ಎರಡು ಬಗೆಯ ಧಣಿಗಳನ್ನೂ ಕಂಡಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆ ಅಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದರ ನಂತರ. ಗಣಿ ಮೂರು ಕಿಲೋಮೀಟರಿಗೂ ಮೀರಿ ಆಳಕ್ಕೆ ಇಳಿಯಿತು. ಕೆಳಗೆ ಉಸಿರುಕಟ್ಟುವ ಶಾಖ, ಬಂಡೆಗಳ ಸಿಡಿತ, ಎದೆಗೆ ಕೂರುವ ಕಲ್ಲುಧೂಳು. ಇಷ್ಟೆಲ್ಲ ಸಹಿಸಿ ದುಡಿದವರಲ್ಲಿ ಬಹುಮಂದಿ ಲೆಕ್ಕಕ್ಕೆ ಕಂಪನಿಯ ಆಳುಗಳೇ ಅಲ್ಲ, ಗುತ್ತಿಗೆದಾರನ ಆಳುಗಳು. 1930ರಲ್ಲಿ ಬೆರಳ ಗುರುತು ಒತ್ತಿಸಿಕೊಂಡು ಹೆಸರು ದಾಖಲು ಮಾಡುವ ಹೊಸ ಕ್ರಮ ಬಂದಾಗ ಗಣಿಯೇ ಮುಷ್ಕರ ಹೂಡಿ ನಿಂತಿತು. ಪಟ್ಟಿಯಲ್ಲಿ ಹೆಸರಿದ್ದರಷ್ಟೇ ಸಾಲದು, ಆ ಪಟ್ಟಿ ಯಾರ ಕೈಯಲ್ಲಿದೆ ಎಂಬುದನ್ನೂ ನೋಡಬೇಕೆಂದು ಆ ಕೂಲಿಕಾರರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ನ್ಯಾಯವಾದ ಕೆಲಸವೇ. ಆದರೆ 76 ವರ್ಷ ಕೆನೆ ತೆಗೆದುಕೊಂಡ ಮೇಲೆ ನಮ್ಮ ಕೈಗೆ ಬಂದದ್ದು ಪಾತ್ರೆ! 1962ರಲ್ಲಿ ಗಣಿ ಕೇಂದ್ರ ಸರ್ಕಾರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂದು ಹೆಸರಾಯಿತು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತೆಂದು 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಸರ್ಕಾರಿ ಕೆಲಸ ಸಾಯುವತನಕ ಎಂದು ನಂಬಿದ್ದವರ ಮಕ್ಕಳು ಇಂದು ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಾಲೂರಿನಲ್ಲಿ ಅದೇ ರೈಲು ಹತ್ತುವ ಗಿರಣಿ ಬಂಧುಗಳು ಅವರ ಪಕ್ಕದಲ್ಲೇ ನಿಂತು ಹೋಗುತ್ತೀರಿ.

ಹಾಗಾದರೆ ಸರ್ಕಾರದ ಉದ್ಯಮವೇ ಸೋತಿತೆನ್ನೋಣವೆ? ಅದು ಧಣಿಗಳಿಗೆ ಹಿತವಾದ ಮಾತು. ರಾಯಚೂರು ಸೀಮೆಯ ಹಟ್ಟಿ ಗಣಿಯೂ ಸರ್ಕಾರದ್ದೇ, ಇಂದಿಗೂ ಚಿನ್ನ ತೆಗೆಯುತ್ತಿದೆ.

ಬಾಗಿಲ ಮೇಲಿನ ಬೋರ್ಡು ನೋಡಿ ಕೆಲಸ ಆರಿಸುವ ಕಾಲ ಹೋಯಿತೆಂಬುದೇ ನಮ್ಮ ಅಭಿಪ್ರಾಯ. ಅರಣ್ಯ ಇಲಾಖೆಯಲ್ಲಿ ಕಾಯಂ ಗಾರ್ಡೂ ಇದ್ದಾನೆ, ದಿನಗೂಲಿ ವಾಚರನೂ ಇದ್ದಾನೆ. ಇಬ್ಬರೂ ಕಾಯುವುದು ಅದೇ ನೀಲಗಿರಿ ತೋಪು. ಕಾಯಂ ಆದರೂ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ರಾಜ್ಯ ನೌಕರರಿಗೆ ಸಾಮಾನ್ಯವಾಗಿ ಹಳೆಯ ಪಿಂಚಣಿ ಇಲ್ಲ, ಸಂಬಳದಿಂದ ಮುರಿದುಕೊಳ್ಳುವ ಹೊಸ ಯೋಜನೆ. ಹಿಂದೆ ಕೆರೆಯ ತೂಬು ನೋಡುತ್ತಿದ್ದ ನೀರುಗಂಟಿಗೆ ಊರಿನವರು ಕಣದಲ್ಲೇ ಧಾನ್ಯ ಅಳೆದು ಕೊಡುತ್ತಿದ್ದರು. ಅವನು ಸರ್ಕಾರದವನೂ ಅಲ್ಲ, ಕಂಪನಿಯವನೂ ಅಲ್ಲ. ಆದರೂ ಅವನ ಪಾಲು ಎಷ್ಟೆಂದು ಊರಿಗೆಲ್ಲ ಗೊತ್ತಿತ್ತು. 2018ರಿಂದ ಬೆಂಗಳೂರಿನ ಕೊಳಚೆ ನೀರು ಶುದ್ಧಿಯಾಗಿ ಕೊಳವೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಆ ಪಂಪು ನೋಡುವವನ ಪಾಲು ಎಷ್ಟು, ಕೊಡುವವರು ಯಾರು? ಕೇಳಿ ನೋಡಿ.

ವರ್ತಕ ಬಂಧುಗಳು ಇದು ಕೂಲಿಯವರ ಗೋಳು ಎಂದುಕೊಳ್ಳಬಾರದು. ಗುತ್ತಿಗೆದಾರ ಬಟವಾಡೆ ನಿಲ್ಲಿಸಿದ ವಾರ ನಿಮ್ಮ ಉದ್ದರಿ ಪುಸ್ತಕವೂ ನಿಲ್ಲುತ್ತದೆ. ಶ್ರೀನಿವಾಸಪುರದ ಮಾವಿನ ಮಂಡಿಯವರಿಗೂ ಇದು ತಿಳಿಯದ್ದಲ್ಲ.

ಕಡೆಗೆ ಆ ಹಿರಿಯರಿಗೆ ಹೀಗೆ ಹೇಳಿದೆವು: ಮಗ ಕ್ರಷರ್‌ಗೆ ಹೋಗಿ ಸಂಬಳ ಎಷ್ಟೆಂದು ಮೊದಲು ಕೇಳುವುದು ಬೇಡ. ಹೆಸರು ಬರೆಯುವುದು ಮಾಲೀಕನ ರಿಜಿಸ್ಟರಿನಲ್ಲೋ, ಮೇಸ್ತ್ರಿಯ ನೋಟ್ ಬುಕ್ಕಿನಲ್ಲೋ ಎಂದು ಕೇಳಲಿ. ಪ್ರಾವಿಡೆಂಟ್ ಫಂಡ್ ಕಟ್ಟುತ್ತಾರೆಯೇ, ಎದೆ ಪರೀಕ್ಷೆ ಮಾಡಿಸುತ್ತಾರೆಯೇ ಎಂದು ಕೇಳಲಿ. ಗಣಿ ಕೆಲಸಗಾರನಿಗೆ ಸೇರುವಾಗಲೂ, ಆಮೇಲೆ ಐದು ವರ್ಷಕ್ಕೊಮ್ಮೆಯಾದರೂ ವೈದ್ಯ ಪರೀಕ್ಷೆ ಆಗಬೇಕೆಂಬ ನಿಯಮ 1952ರ ಗಣಿ ಕಾಯಿದೆಯ ಕೆಳಗೆ ಬಂದದ್ದು; ಅದು ಸರ್ಕಾರಿ ಗಣಿ, ಖಾಸಗಿ ಗಣಿ ಎಂದು ಭೇದ ಮಾಡಿರಲಿಲ್ಲ. ಮೇಟ್, ಬ್ಲಾಸ್ಟರ್, ಫೋರ್‌ಮನ್ ಸರ್ಟಿಫಿಕೇಟುಗಳಲ್ಲಿ ಯಾವುದಾದರೂ ಕೈಗೆ ಬಂದರೆ ಯಾವ ಧಣಿಯಾದರೂ ಸ್ವಲ್ಪ ಮರ್ಯಾದೆಯಿಂದ ಮಾತಾಡಿಯಾನು.

ಹುಡುಗ ಹೋಗಿ ಕೇಳಿಬಂದ. ಮೇಸ್ತ್ರಿಯ ನೋಟ್ ಬುಕ್ಕಂತೆ. ಈಗ ಅಂಗಡಿಯಲ್ಲಿ ತಂದೆಯ ಜೊತೆ ಬೇಳೆ ತೂಗುತ್ತ, ರಾತ್ರಿ ಫೋರ್‌ಮನ್ ಪರೀಕ್ಷೆಗೆ ಓದುತ್ತಿದ್ದಾನೆ. ಅರಣ್ಯ ಇಲಾಖೆಯಿಂದ ಇನ್ನೂ ಕಾಗದ ಬಂದಿಲ್ಲ.