ಹಿತ್ತಲು, ಕೋಳಿ, ನಾಯಿಮರಿ



ಹೊಲದ ಕೆಲಸ ಮುಗಿಸಿ, ಒಲೆ ಆರಿಸಿ, ಬಂದು ಕೂತಿದ್ದೀರಿ. ಕೆಲವರ ಮಡಿಲಲ್ಲಿ ಮಗು ನಿದ್ದೆ ಹೋಗಿದೆ. ಹಾಗಾಗಿ ದೊಡ್ಡ ದೊಡ್ಡ ಮಾತು ಬೇಡ. ನಮ್ಮ ಮನೆಯ ಹಿಂಬಾಗಿಲು ತೆಗೆದರೆ ಏನು ಕಾಣುತ್ತದೆ? ಅದನ್ನೇ ಮಾತಾಡೋಣ.

ಹಿಂಬಾಗಿಲು ತೆಗೆದರೆ ಹಿತ್ತಲು. ಬೆಳಿಗ್ಗೆ ಕೋಳಿ ಗೂಡಿನ ಮುಚ್ಚಳ ತೆಗೆಯುತ್ತೇವೆ. ಕೋಳಿ ಕೊಕ್ಕೋ ಅಂತ ಓಡುತ್ತವೆ. ನಾಯಿ ಮೈ ಮುರಿದು ಏಳುತ್ತದೆ. ಬೆಕ್ಕು ಕಾಲು ಸುತ್ತುತ್ತದೆ. ಅತ್ತೆ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಾರೆ. ಮಗಳು ಪಾತ್ರೆ ತೊಳೀತಾ ಏನೋ ಹಾಡಿಕೊಳ್ಳುತ್ತಾಳೆ. ಇದು ದಿನಾ ನಡೆಯುವ ಸಂಗತಿ. ದಿನಾ ನಡೆಯೋದರಿಂದಲೇ ನಾವು ಅದನ್ನು ನೋಡೋದಿಲ್ಲ.

ನಮ್ಮ ನಾಲ್ಕು ತಾಲ್ಲೂಕು ನೋಡಿ. ಹಾಸನದ ಕಡೆ ಮುಂಗಾರು ಬಿದ್ದರೆ ಆಲೂಗೆಡ್ಡೆ. ಬಿತ್ತನೆ ಗೆಡ್ಡೆ ದೂರದ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರುತ್ತದೆ. ಹೊಳೆನರಸೀಪುರದ ಕಡೆ ಹೇಮಾವತಿ ನೀರು, ಭತ್ತದ ಗದ್ದೆ. ಅರಕಲಗೂಡಿನ ಕಡೆ ಹೊಗೆಸೊಪ್ಪು, ಶುಂಠಿ. ಚನ್ನರಾಯಪಟ್ಟಣದ ಕಡೆ ತೆಂಗು. ಬೆಳೆದದ್ದರಲ್ಲಿ ಬಹುಪಾಲು ಮಾರೋದಕ್ಕೆ. ಗೆಡ್ಡೆ ಮಾರ್ಕೆಟ್ಟಿಗೆ ಹೋಯ್ತು. ಹೊಗೆಸೊಪ್ಪು ಹರಾಜಿಗೆ ಹೋಯ್ತು. ಕಾಯಿ ಮಂಡಿಗೆ ಹೋಯ್ತು. ಹಾಲು ಡೈರಿಗೆ ಹೋಯ್ತು. ಮೊಟ್ಟೆ ಅಂಗಡಿಗೆ ಹೋಯ್ತು. ಮನೆಗೆ ಏನು ಉಳೀತು?

ದುಡ್ಡು ಉಳೀತು ಅಂತೀರಿ. ಸರಿ. ದುಡ್ಡು ಬೇಕೇ ಬೇಕು, ಅದನ್ನು ಬೇಡ ಅನ್ನೋರು ನಾವಲ್ಲ. ಆದರೆ ಆ ದುಡ್ಡಿನಲ್ಲಿ ಸಂತೆಗೆ ಹೋಗಿ ಬಾಡಿದ ಸೊಪ್ಪು ತರುತ್ತೇವಲ್ಲ, ಅದು ಯಾವ ಲೆಕ್ಕ?

ನಮ್ಮ ರಕ್ತದ ಮಾತು ಹೇಳಬೇಕು. 2019ರಿಂದ 2021ರವರೆಗೆ ಸರ್ಕಾರದವರು ದೇಶದ ತುಂಬ ಮನೆ ಮನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿದರು. ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರು 100 ಜನರಲ್ಲಿ ಸುಮಾರು 48 ಜನಕ್ಕೆ ರಕ್ತ ಕಡಿಮೆ ಇತ್ತು. ಅಂದರೆ ಇಲ್ಲಿ ಕೂತವರಲ್ಲಿ ಹೆಚ್ಚು ಕಡಿಮೆ ಅರ್ಧ ಜನ. ಪಕ್ಕದವರ ಮುಖ ನೋಡಬೇಡಿ, ನಗಬೇಡಿ. ಮೆಟ್ಟಿಲು ಹತ್ತಿದರೆ ಏದುಸಿರು, ಕೂತು ಎದ್ದರೆ ಕಣ್ಣು ಕತ್ತಲೆ. "ಅಯ್ಯೋ, ಹೆಂಗಸು ಅಂದ ಮ್ಯಾಲೆ ಸುಸ್ತು ಇದ್ದದ್ದೇ ಕಣವ್ವ" ಅಂತ ಹಿರಿಯರು ಹೇಳುತ್ತಾರೆ. ಇದ್ದದ್ದೇ ಅಲ್ಲ. ಅದು ಕಾಯಿಲೆ. ಅದಕ್ಕೆ ಮದ್ದು ಇದೆ.

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ. ಗಾದೆ ಮಾಡಿದವರು ಸೊಪ್ಪು ತೊಳೆದು ಸಾರು ಮಾಡಿದವರಲ್ಲ ಅಂತ ಕಾಣ್ತದೆ. ನುಗ್ಗೆ, ದಂಟು, ಕೀರೆ, ಹೊನಗೊನೆ, ಬಸಳೆ, ಗಣಿಕೆ. ರಾಗಿ ಹೊಲದ ಅಣ್ಣೆಸೊಪ್ಪು. ನಮ್ಮಮ್ಮಂದಿರು ಮಳೆಗಾಲದಲ್ಲಿ ಬದುವಿನ ಮೇಲೆ ನಡೆದು ಬಂದರೆ ಸೆರಗಿನ ತುಂಬ ಬೆರಕೆ ಸೊಪ್ಪು. ಮನೆಗೆ ಬಂದರೆ ಬಸ್ಸಾರು, ಮಸ್ಸೊಪ್ಪು, ಬಿಸಿ ಮುದ್ದೆ. ಈಗ ಹೊಲಕ್ಕೆ ಕಳೆ ಔಷಧಿ ಹೊಡೀತಾರೆ. ಬೆರಕೆ ಸೊಪ್ಪು ಸುಟ್ಟು ಹೋಗ್ತದೆ. ಔಷಧಿ ಹೊಡೆದ ಹೊಲದಿಂದ ಸೊಪ್ಪು ಕಿತ್ತು ತರಲೂಬೇಡಿ. ಹಾಗಾಗಿ ಸೊಪ್ಪು ಈಗ ಹಿತ್ತಲಿಗೇ ಬರಬೇಕು.

ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ಆದರೆ ಅದು ಮೈಗೆ ಸುಲಭವಾಗಿ ಹತ್ತುವುದಿಲ್ಲ. ಊಟಕ್ಕೆ ಕೂತಾಗ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ, ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಕಾಫಿ, ಟೀ ಕುಡಿದರೆ ಮತ್ತೆ ಹತ್ತುವುದಿಲ್ಲ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕಾಫಿ ಬಿಡಿ ಅಂದರೆ ನಮ್ಮನ್ನು ಓಡಿಸ್ತೀರಿ. ಬಿಡಬೇಡಿ. ಊಟವಾಗಿ ಒಂದು ಗಂಟೆ ಬಿಟ್ಟು ಕುಡೀರಿ. ಇನ್ನೊಂದು ಮಾತು. ರಕ್ತ ತುಂಬಾ ಕಡಿಮೆ ಇದ್ದರೆ ಬರೀ ಸೊಪ್ಪಿನಿಂದ ತುಂಬುವುದಿಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಗುಳಿಗೆ ನುಂಗಲೇಬೇಕು. ಗುಳಿಗೆ ತಿಂದರೆ ಮಲ ಕಪ್ಪಗಾಗುತ್ತದೆ. ಹೆದರಿ ಗುಳಿಗೆಯನ್ನು ತಿಪ್ಪೆಗೆ ಎಸೀಬೇಡಿ.

"ನಮಗೆ ಹಿತ್ತಲೆಲ್ಲಿ ಐತೆ? ಕಾಲೋನಿ ಮನೆ, ಗೋಡೆಗೆ ಗೋಡೆ" ಅಂತ ಕೇಳುವವರು ಇದ್ದೀರಿ. ಸರಿಯಾದ ಮಾತೇ. ಒಡೆದ ಬಕೆಟ್ಟು, ಹಳೆ ಗೋಣಿಚೀಲ, ಸೋರುವ ಕೊಡ. ತಳಕ್ಕೆ ತೂತು ಮಾಡಿ, ಮಣ್ಣಿಗೆ ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ, ದಂಟಿನ ಬೀಜ ಉದುರಿಸಿ. ಒಂದು ತಿಂಗಳಿಗೆ ಒಂದು ಸಾರಿಗಾಗುವಷ್ಟು ಸೊಪ್ಪು. ಬಚ್ಚಲ ನೀರು ಬೀದಿಯಲ್ಲಿ ನಿಂತರೆ ಸೊಳ್ಳೆ, ಜಗಳ. ಅದೇ ನೀರು ಬಾಳೆ ಬುಡಕ್ಕೆ ಹೋದರೆ ಗೊನೆ. ನುಗ್ಗೆಗಂತೂ ಬೀಜವೂ ಬೇಡ. ಹೆಬ್ಬೆರಳಿಗಿಂತ ದಪ್ಪದ ಕೊಂಬೆ ಕಡಿದು ನೆಟ್ಟರೆ ಸಾಕು, ಚಿಗುರುತ್ತದೆ.

ಇನ್ನು ಕೋಳಿ. ನಾಟಿ ಕೋಳಿ ಮೊಟ್ಟೆಗೆ ಒಳ್ಳೆ ರೇಟು ಇದೆ. ಮಾರಿ, ಬೇಡ ಅನ್ನೋದಿಲ್ಲ. ಆ ದುಡ್ಡು ನಮ್ಮ ಕೈಯಲ್ಲೇ ಇರುವ ದುಡ್ಡು, ಸಾಸಿವೆ ಡಬ್ಬಿಯ ದುಡ್ಡು. ಆದರೆ ಮನೆಯಲ್ಲಿ ಉಳಿದ ಒಂದು ಮೊಟ್ಟೆ ಯಾರ ತಟ್ಟೆಗೆ ಬೀಳ್ತದೆ? ಮಗನಿಗೆ ಮೊಟ್ಟೆ, ಮಗಳಿಗೆ ಸಾರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ರೂಢಿ. ಆ ಹುಡುಗಿ ನಾಳೆ ಮೈ ನೆರೆಯುತ್ತಾಳೆ, ನಾಳಿದ್ದು ಬಸಿರಾಗುತ್ತಾಳೆ. ರಕ್ತ ಬೇಕಾಗಿರುವುದು ಅವಳಿಗೆ. ಒಂದೇ ಮೊಟ್ಟೆ ಇದ್ದರೆ ದಾರ ಹಿಡಿದು ಎರಡು ಭಾಗ ಮಾಡಿ. ಹಾಲೂ ಹಾಗೇ. ಡೈರಿಗೆ ಹಾಕುವ ಮುಂಚೆ ಒಂದು ಲೋಟ ಎತ್ತಿಡಿ, ಆಮೇಲೆ ಎತ್ತಿಡುತ್ತೇವೆ ಅಂದರೆ ಉಳಿಯುವುದಿಲ್ಲ.

ಕೋಳಿಗೆ ಕೊಕ್ಕರೆ ರೋಗ ಬಂದರೆ ಕೇರಿಗೆ ಕೇರಿಯೇ ಖಾಲಿ. ಹಸಿರು ಬಿಳಿ ಹಿಕ್ಕೆ ಹಾಕುತ್ತವೆ, ಕತ್ತು ತಿರುಚಿಕೊಳ್ಳುತ್ತವೆ, ಎರಡು ದಿನದಲ್ಲಿ ಸಾಲಾಗಿ ಬೀಳುತ್ತವೆ. ಬಂದ ಮೇಲೆ ಮದ್ದಿಲ್ಲ. ಬರುವ ಮುಂಚೆ ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ. ಎರಡು ತಿಂಗಳಾಗುವಾಗ ಒಂದು ಸೂಜಿ. ಹತ್ತು ಮನೆಯವರು ಸೇರಿ ಪಶು ಆಸ್ಪತ್ರೆಯಲ್ಲಿ ಕೇಳಿ. ಸೀಸೆ ತೆಗೆದರೆ ಎರಡು ಗಂಟೆಯೊಳಗೆ ಮುಗಿಸಬೇಕು, ಅದಕ್ಕೇ ಹತ್ತು ಮನೆ.

ಬೆಕ್ಕಿನ ವಿಷಯ ಬಿಡಿ, ಅದು ಯಾರ ಮಾತೂ ಕೇಳೋದಿಲ್ಲ. ರಾಗಿ ಚೀಲದ ಹತ್ತಿರ ಇಲಿ ಬರದ ಹಾಗೆ ನೋಡಿಕೊಂಡರೆ ಸಾಕು.

ಈಗ ನಾಯಿ. ಈ ಮಾತಿಗೆ ಸ್ವಲ್ಪ ಕಿವಿಗೊಡಿ.

ಅರಕಲಗೂಡಿನ ಕಡೆಯ ಒಂದು ಹಳ್ಳಿ. ಏಳು ವರ್ಷದ ಹುಡುಗ ಬೀದಿಯ ನಾಯಿಮರಿ ಎತ್ತಿಕೊಂಡು ಹಿತ್ತಲಿಗೆ ತಂದ. ಹಾಲು ಹಾಕಿದ, ಹೆಸರೂ ಇಟ್ಟ. ಮೂರನೇ ದಿನ ಆಟದಲ್ಲಿ ಮರಿ ಅವನ ಕೈಗೆ ಹಲ್ಲು ತಾಗಿಸಿತು. ಒಂದು ಗೀರು, ಒಂದು ಹನಿ ರಕ್ತ. ಅಜ್ಜಿ ಖಾರದಪುಡಿ, ಸುಣ್ಣ ತಂದಳು. "ಮರಿ ಅಲ್ವಾ, ಬುಡು, ಏನೂ ಆಗಾಕಿಲ್ಲ" ಅಂದಳು. ಹುಡುಗನ ತಾಯಿ ನಮ್ಮ ಕೇಂದ್ರಕ್ಕೆ ಬರುತ್ತಿದ್ದವಳು. ಖಾರದಪುಡಿ ಪಕ್ಕಕ್ಕೆ ಸರಿಸಿದಳು. ಬಚ್ಚಲಿಗೆ ಕರೆದುಕೊಂಡು ಹೋಗಿ, ಸೋಪು ಹಚ್ಚಿ, ಹದಿನೈದು ನಿಮಿಷ ನೀರು ಸುರಿದು ತೊಳೆದಳು. ಗಂಡ ಊರಲ್ಲಿರಲಿಲ್ಲ. ಸಿಕ್ಕ ಆಟೋ ಹತ್ತಿ ತಾಲ್ಲೂಕು ಆಸ್ಪತ್ರೆಗೆ ಹೋದಳು.

ಚುಚ್ಚುಮದ್ದು ಹಾಕಿ ಒಂದು ಚೀಟಿ ಕೊಟ್ಟರು. ಅದರಲ್ಲಿ ಮುಂದಿನ ತಾರೀಖುಗಳು. ಮೊದಲ ದಿನ ಒಂದು. ಅಲ್ಲಿಂದ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಏಳನೇ ದಿನ ಬಂತು. ಅವತ್ತು ಶುಂಠಿ ಕೀಳುವ ಕೆಲಸ, ಕೂಲಿ ಜಾಸ್ತಿ. ಅಷ್ಟರಲ್ಲಿ ಬಂದಿದ್ದ ಗಂಡ "ಗಾಯ ಒಣಗೋಯ್ತಲ್ಲ, ಇನ್ಯಾಕೆ?" ಅಂದ. ಅವಳು ಚೀಟಿ ತಂದು ಅವನ ಮುಂದೆ ಹಿಡಿದಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ತಾರೀಖು ಓದಿದಳು. ಅವನು ಸುಮ್ಮನಾದ. ಅವತ್ತಿನ ಕೂಲಿ ಹೋಯ್ತು. ನಾಲ್ಕೂ ಚುಚ್ಚುಮದ್ದು ಪೂರ್ತಿ ಆಯ್ತು. ಆ ಮರಿ ಮಾತ್ರ ಎಲ್ಲಿ ಹೋಯ್ತೋ, ಮತ್ತೆ ಕಾಣಲಿಲ್ಲ. ಅದಕ್ಕೆ ಹುಚ್ಚು ಇತ್ತೋ ಇಲ್ಲವೋ ಯಾರಿಗೆ ಗೊತ್ತು? ಹುಡುಗ ಈಗ ಸ್ಕೂಲಿಗೆ ಹೋಗ್ತಾ ಇದ್ದಾನೆ.

ಯಾಕೆ ಇಷ್ಟು ಹೇಳ್ತೇವೆ ಅಂದರೆ, ನಾಯಿ ಹುಚ್ಚು ಒಂದು ಸಲ ತಲೆಗೆ ಏರಿತು ಅಂದರೆ ದೊಡ್ಡ ಆಸ್ಪತ್ರೆಯಲ್ಲೂ ಉಳಿಸುವ ಮದ್ದಿಲ್ಲ. ಲೋಕದಲ್ಲಿ ವರ್ಷಕ್ಕೆ ಸುಮಾರು 59 ಸಾವಿರ ಜನ ಇದರಿಂದ ಸಾಯುತ್ತಾರೆ ಅಂತ ಅಂದಾಜು. ನೂರರಲ್ಲಿ ನಲವತ್ತು ಜನ ಹದಿನೈದು ವರ್ಷದ ಒಳಗಿನ ಮಕ್ಕಳು. ಮಕ್ಕಳು ನಾಯಿಯ ಜೊತೆ ಆಡುತ್ತಾರೆ. ಕಚ್ಚಿದರೆ ಹೊಡೆತ ಬೀಳ್ತದೆ ಅಂತ ಮುಚ್ಚಿಡುತ್ತಾರೆ. ಮೊದಲು ಮಕ್ಕಳಿಗೆ ಹೇಳಿ, "ಕಚ್ಚಿದರೆ ಬಂದು ಹೇಳು, ಹೊಡೆಯಾಕಿಲ್ಲ" ಅಂತ.

ಹಿರಿಯರಿಗೆ ಒಂದು ಭಯ ಇದೆ. ಹೊಟ್ಟೆಗೆ ಹದಿನಾಲ್ಕು ಸೂಜಿ! ಅದು ಹಳೆಯ ಕಾಲದ ಲಸಿಕೆ. 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಅದು ನಿಂತೇ ಹೋಯ್ತು. ಈಗಿನದು ತೋಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಗಾಯ ಆಳವಾಗಿ ರಕ್ತ ಬಂದಿದ್ದರೆ ಗಾಯದ ಸುತ್ತಲೂ ಇನ್ನೊಂದು ಮದ್ದು ಹಾಕುತ್ತಾರೆ, ಅದನ್ನೂ ಬೇಡ ಅನ್ನಬೇಡಿ. ಬಸುರಿಯರೂ ಹಾಕಿಸಿಕೊಳ್ಳಬಹುದು, ಬಾಣಂತಿಯರೂ ಹಾಕಿಸಿಕೊಳ್ಳಬಹುದು. ಬೆಕ್ಕು ಕಚ್ಚಿದರೂ ಇದೇ ಕ್ರಮ. ಮಂತ್ರಿಸಿದ ದಾರ, ನಾಟಿ ಎಲೆಯ ರಸ, ಇವುಗಳಿಂದ ಆಗುವುದು ಒಂದೇ, ಹೊತ್ತು ಹೋಗ್ತದೆ.

ಹಾಗಂತ ನಾಯಿಯನ್ನು ಓಡಿಸಿ ಅಂತ ಅಲ್ಲ. ರಾತ್ರಿ ಹೊಲದಿಂದ ತಡವಾಗಿ ಬಂದರೆ ದಾರಿಗೆ ಬಂದು ನಿಲ್ಲುವುದು ಅದೇ. ಮನೆ ನಾಯಿಗೆ ಮೂರು ತಿಂಗಳಾದ ಮೇಲೆ ಲಸಿಕೆ, ಆಮೇಲೆ ವರ್ಷಕ್ಕೊಂದು. ಪ್ರತಿ ವರ್ಷ ಸೆಪ್ಟೆಂಬರ್ 28 ರೇಬೀಸ್ ದಿನ. ಆ ಹೊತ್ತಿಗೆ ಎಷ್ಟೋ ಪಶು ಆಸ್ಪತ್ರೆಗಳಲ್ಲಿ ನಾಯಿಗೆ ಪುಕ್ಕಟೆ ಲಸಿಕೆ ಹಾಕುತ್ತಾರೆ. ಹಗ್ಗ ಕಟ್ಟಿ ಕರೆದುಕೊಂಡು ಹೋಗಿ. ಲಸಿಕೆ ಹಾಕಿಸಿದ ತಾರೀಖು ಗೋಡೆ ಕ್ಯಾಲೆಂಡರಿನ ಮೇಲೆ ನೀವೇ ಬರೆದಿಡಿ.

ಹೊತ್ತಾಯ್ತು. ಮಕ್ಕಳು ಎಚ್ಚರ ಆಗ್ತಾ ಇವೆ. ಬರುವ ಸೋಮವಾರ ನಾವು ನುಗ್ಗೆ ಕೊಂಬೆ ತರುತ್ತೇವೆ, ದಂಟಿನ ಬೀಜವೂ ಇದೆ. ಬೇಕಾದವರು ಹೆಸರು ಹೇಳಿ. ಅಲ್ಲ, ಹೇಳಬೇಡಿ. ಇಗೋ ಹಾಳೆ, ಪೆನ್ಸಿಲ್ಲು. ನೀವೇ ಬರೀರಿ.